ಆನೆ ಎಲ್ಲಿ ಹೋಯ್ತು?

ಕಾಗದಪತ್ರ ಇಡೋ ಪ್ಲಾಸ್ಟಿಕ್ ಚೀಲ ಎಲ್ಲರ ಮನೆಯಲ್ಲೂ ಒಂದು ಇರುತ್ತದೆ. ಟ್ರಂಕಿನ ತಳದಲ್ಲೋ, ದೇವರ ಜಗಲಿಯ ಹಿಂದೋ. ಅದರಲ್ಲಿ ನಾಡಕಚೇರಿಯಿಂದ ತಂದ ಜಾತಿ, ಆದಾಯದ ಪ್ರಮಾಣಪತ್ರ ಇದ್ದರೆ ಒಮ್ಮೆ ತೆಗೆಯಿರಿ. ಹೆಸರಿನ ಕಾಗುಣಿತ ಸರಿ ಇದೆಯಾ, ಅಪ್ಪನ ಹೆಸರು ಆಧಾರ್ ಕಾರ್ಡಿಗೆ ತಾಳೆಯಾಗುತ್ತದಾ, ಅವಧಿ ಮುಗಿದಿದೆಯಾ ಅಂತ ಕೆಳಗಿನದ್ದನ್ನು ಹತ್ತು ಸಲ ಓದಿರುತ್ತೇವೆ. ಮೇಲಿನ ಲಾಂಛನದ ಮೇಲೆ ಮಾತ್ರ ಕಣ್ಣು ನಿಲ್ಲುವುದಿಲ್ಲ. ಕೆಂಪು ಗುರಾಣಿ, ಅದರ ಮೇಲೆ ಎರಡು ತಲೆಯ ಬಿಳಿ ಹಕ್ಕಿ. ಫೋನಿನಲ್ಲಿ ಲಾಂಛನದ ಚಿತ್ರ ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿ, ಹಕ್ಕಿಯ ಕಾಲು ನೋಡಿ. ಉಗುರಿನಲ್ಲಿ ಏನೂ ಇಲ್ಲ. ಕೊಕ್ಕಿನಲ್ಲೂ ಏನೂ ಇಲ್ಲ.

ಐನೂರು ವರ್ಷದ ಹಿಂದೆ ಇದೇ ಹಕ್ಕಿಯ ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳು ಒದ್ದಾಡುತ್ತಿದ್ದವು.

ನಾನು ಇದರ ಬೆನ್ನು ಹತ್ತಿದ್ದಕ್ಕೆ ನಮ್ಮಕ್ಕನ ಮಗ ಕಾರಣ. ಬ್ಯಾಡಗಿಯಲ್ಲಿ ಏಳನೇ ಇಯತ್ತೆ. ಅವನಿಗೆ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಹುಚ್ಚು. ಅವನ ಮೆಚ್ಚಿನ ಪಾತ್ರ ಹೀರೋ ಅಲ್ಲ, ಹೀರೋ ಆಗಲಿಕ್ಕೆ ಒದ್ದಾಡೋ ಒಬ್ಬಳು ಹೆಣ್ಣುಮಗಳು: ಸಾಂಗ್‌ಬರ್ಡ್. ಮಾರ್ವೆಲ್ ಕಂಪನಿಯ ಪುಸ್ತಕದಲ್ಲಿ 1979ರಲ್ಲಿ ಮೊದಲು ಬಂದಾಗ ಅವಳ ಹೆಸರು ಸ್ಕ್ರೀಮಿಂಗ್ ಮಿಮಿ. ಕುಸ್ತಿ ಆಡುತ್ತಿದ್ದ ಹೆಣ್ಣುಮಕ್ಕಳ ಗ್ಯಾಂಗು, ಅದರಲ್ಲಿ ಇವಳು ಕಿರುಚಿದರೆ ಎದುರಿನವರು ಬೀಳಬೇಕು. ಕಳ್ಳತನ, ದರೋಡೆ, ಎಲ್ಲ ಆಯ್ತು. ಜೊತೆಗಾರ ಸತ್ತ ದಿನ ಕಿರುಚಿ ಕಿರುಚಿ ಆ ಶಕ್ತಿಯನ್ನೇ ಕಳೆದುಕೊಂಡಳು. ಆಮೇಲೆ ಧ್ವನಿಯನ್ನು ಗಟ್ಟಿ ವಸ್ತು ಮಾಡೋ ಒಂದು ಯಂತ್ರದ ಉಡುಪು ಸಿಕ್ಕಿತು. ಅವಳ ರೆಕ್ಕೆ ಅದರಿಂದ ಬಂದದ್ದು. 1997ರಲ್ಲಿ, ಅಂದರೆ ನಮ್ಮ ಹಾವೇರಿ ಜಿಲ್ಲೆಯಾದ ವರ್ಷವೇ, ಥಂಡರ್‌ಬೋಲ್ಟ್ಸ್ ಅನ್ನೋ ಹೊಸ ಪುಸ್ತಕ ಶುರುವಾಯಿತು. ಬರೆದವರು ಕರ್ಟ್ ಬ್ಯೂಸಿಕ್, ಚಿತ್ರ ಮಾರ್ಕ್ ಬ್ಯಾಗ್ಲಿ. ಮೊದಲ ಸಂಚಿಕೆಯ ತುಂಬ ಹೊಸ ಹೀರೋಗಳು ಊರು ಕಾಯುತ್ತಾರೆ. ಕೊನೇ ಪುಟದಲ್ಲಿ ಗೊತ್ತಾಗುತ್ತದೆ, ಇವರೆಲ್ಲ ವೇಷ ಬದಲಿಸಿದ ಹಳೇ ಖಳರು. ಜನರನ್ನು ನಂಬಿಸಿ ಮೋಸ ಮಾಡಲಿಕ್ಕೆ ಬಂದವರು. ಆದರೆ ಜನ ಕೈ ಮುಗಿದು ಥ್ಯಾಂಕ್ಸ್ ಅಂದದ್ದು ಅವರಲ್ಲಿ ಕೆಲವರಿಗೆ ತಾಗಿಬಿಡುತ್ತದೆ. ಸಾಂಗ್‌ಬರ್ಡ್ ಹಾಗೆ ಬದಲಾದವಳು.

"ಮಾಮಾ, ನಮ್ಮ ಕಡೆ ಇಂಥಾ ರೆಕ್ಕಿ ಇರೋ ವಿಲನ್ ಯಾರರ ಅದಾರೇನು? ಮೊದಲ ಕೆಟ್ಟಾಂವ, ಆಮ್ಯಾಲೆ ಚಲೋ ಆದಾಂವ?" ಅಂತ ಕೇಳಿದ.

ಜಟಾಯು ಅಂದೆ. ಅಂವ ಮೊದಲಿಂದ ಚಲೋನ ಅದಾನಲ್ಲ ಅಂದ. ಗರುಡ ಅಂದೆ. ಗರುಡ ಅಮೃತ ಕದ್ದದ್ದು ನಿಜ, ಆದರೆ ಅದು ತಾಯಿ ವಿನತೆಯನ್ನು ದಾಸ್ಯದಿಂದ ಬಿಡಿಸಲಿಕ್ಕೆ; ಅದನ್ನೂ ಹುಡುಗ ಒಪ್ಪಲಿಲ್ಲ. ಅವ್ವನ ಸಲುವಾಗಿ ಮಾಡಿದ್ದು ಕಳ್ಳತನದ ಲೆಕ್ಕಕ್ಕೆ ಬರೋದಿಲ್ಲವಂತೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಹೊಲದ ವಾಟಣಿಯ ಕಾಗದಗಳು ಕಟ್ಟೆಯ ಮೇಲೆಲ್ಲ ಹರಡಿದ್ದವು. ಹುಡುಗ ಅದರಲ್ಲಿ ಒಂದನ್ನು ಎತ್ತಿ, "ಇದು?" ಅಂದ.

ಹೌದಲ್ಲ, ಇದು.

ಮೊದಲು ಹೆಸರು ನೋಡೋಣ. ಭೇರುಂಡ ಅಂದರೆ ಭಯಂಕರ. ಗಂಡ ಅನ್ನೋದು ಇಲ್ಲಿ ಮನೆಯ ಗಂಡ ಅಲ್ಲ. 'ಮೂರು ರಾಯರ ಗಂಡ' ಅಂತ ರಾಜರು ಬಿರುದು ಹಾಕಿಕೊಳ್ಳುತ್ತಿದ್ದರಲ್ಲ, ಆ ಗಂಡ. ವೀರ, ಮೆಟ್ಟಿ ನಿಲ್ಲುವವನು. ಎರಡೂ ಸೇರಿದರೆ ಮಕ್ಕಳನ್ನು ಹೆದರಿಸಿ ಮಲಗಿಸೋ ಹೆಸರು.

ಹೆಸರಿಗೆ ತಕ್ಕ ಕೆಲಸ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಈ ಹಕ್ಕಿ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆ ಹಿಡಿದುಕೊಂಡಿದೆ. ಬೆರಳ ತುದಿಯಷ್ಟು ನಾಣ್ಯ, ಅದರೊಳಗೆ ಹಕ್ಕಿ, ಹಕ್ಕಿಯ ಬಾಯಲ್ಲಿ ಆನೆ. ಆನೆ ಇಲ್ಲಿ ಹುಳದಷ್ಟು. ಸಾಗರದ ಹತ್ತಿರದ ಕೆಳದಿಯಲ್ಲಿ ರಾಮೇಶ್ವರ ಗುಡಿಯ ಒಳಗೆ ನಿಂತು ತಲೆ ಎತ್ತಿದರೆ ಚಾವಣಿಯಲ್ಲೂ ಇದೇ ಹಕ್ಕಿ, ಅಲ್ಲೂ ಬೇಟೆ ಸಮೇತ. ಬೇಲೂರಿನಲ್ಲಿ ಇನ್ನೂ ಮಜಾ ಇದೆ. ಜಿಂಕೆಯನ್ನು ಹಾವು ನುಂಗುತ್ತಿದೆ, ಹಾವನ್ನು ಆನೆ ಎಳೆಯುತ್ತಿದೆ, ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಮುನಿ ಬೆರಗಾಗಿ ನೋಡುತ್ತಿದ್ದಾನೆ. ಗೈಡ್‌ಗಳು ಸರಪಳಿಯನ್ನು ಗಟಗಟ ಹೇಳಿ ಮುಂದೆ ಕರೆದುಕೊಂಡು ಹೋಗುತ್ತಾರೆ, ಮುನಿಯ ಹತ್ತಿರ ಯಾರೂ ನಿಲ್ಲುವುದಿಲ್ಲ. ನನಗೆ ಆ ಶಿಲ್ಪದಲ್ಲಿ ಹಿಡಿಸಿದವನು ಅವನೇ. ತಿನ್ನೋದಕ್ಕೂ ಇಲ್ಲ, ತಿನ್ನಿಸಿಕೊಳ್ಳೋದಕ್ಕೂ ಇಲ್ಲ, ಸುಮ್ಮನೆ ನೋಡೋ ಕೆಲಸ. ಪತ್ರಿಕೋದ್ಯಮ ಓದಿದವರಿಗೆ ಗೊತ್ತಾಗುತ್ತದೆ.

ಶರಭದ ಮೇಲೆ ಯಾಕೆ ಸಿಟ್ಟು ಅಂದರೆ ಅದರ ಹಿಂದೆ ಶೈವ, ವೈಷ್ಣವರ ಜಗಳ ಇದೆ. ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನ ಕೋಪ ಇಳಿಯಲಿಲ್ಲ, ಶಿವ ಶರಭನಾಗಿ ಬಂದು ಅವನನ್ನು ಅಡಗಿಸಿದ ಅಂತ ಇವರು. ಶರಭನನ್ನು ಅಡಗಿಸಲಿಕ್ಕೆ ನರಸಿಂಹನೇ ಗಂಡಭೇರುಂಡ ಆದ ಅಂತ ಅವರು. ನಿನ್ನ ಹೀರೋಗಿಂತ ನನ್ನ ಹೀರೋ ದೊಡ್ಡವನು ಅನ್ನೋದು ಕಾಮಿಕ್ಸ್‌ ಓದೋ ಹುಡುಗರು ಕಂಡುಹಿಡಿದದ್ದೇನಲ್ಲ.

ಇನ್ನೊಂದು ಕಡೆ ಈ ಹಕ್ಕಿಯ ಅಣ್ಣತಮ್ಮನಂಥದ್ದು ಬರುತ್ತದೆ. ಪಂಚತಂತ್ರದ ಭಾರುಂಡ ಪಕ್ಷಿ: ತಲೆ ಎರಡು, ಹೊಟ್ಟೆ ಒಂದೇ. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ಇನ್ನೊಂದು ನನಗೂ ಕೊಡು ಅಂತ ಕೇಳಿತು. ಹೊಟ್ಟೆ ಒಂದೇ ಅಲ್ಲವಾ, ಯಾರು ತಿಂದರೇನು ಅಂದಿತು ಮೊದಲನೆಯದು. ಎರಡನೆಯದು ಸೇಡು ಇಟ್ಟುಕೊಂಡು ಒಂದು ದಿನ ವಿಷದ ಹಣ್ಣು ತಿಂದಿತು. ಹಕ್ಕಿ ಸತ್ತಿತು.

ಈ ಕತೆಯನ್ನು ಆ ದಿನ ನಮ್ಮ ಕಟ್ಟೆಯ ಮೇಲೆ ನಾನು ಹೇಳಲಿಲ್ಲ. ಹೇಳೋ ಹಾಗೂ ಇರಲಿಲ್ಲ. ಅಪ್ಪ ಮತ್ತು ಕಾಕಾ ಅಜ್ಜನ ಹೊಲ ಹಿಸ್ಸೆ ಮಾಡಿಕೊಳ್ಳುತ್ತಿದ್ದರು. ಹೊಲ ಎರಡಾಗುತ್ತದೆ, ಬದು ಹಾಕಬಹುದು. ಬೋರ್ ಒಂದೇ. ಮೆಣಸಿನ ಅಗಿ ಹಚ್ಚೋ ಹೊತ್ತಿಗೆ ಮೊದಲು ನೀರು ಯಾರಿಗೆ? ಹದಿನೈದು ದಿನ ಮಾತು ಅಲ್ಲೇ ನಿಂತಿತ್ತು. ಕಾಕಾ ಕರೆಂಟ್ ಬರೋ ಹೊತ್ತು ಎಣಿಸುತ್ತಿದ್ದ, ಅಪ್ಪ ಬೋರ್ ಹೊಡೆಸಿದಾಗ ಕೊಟ್ಟ ದುಡ್ಡು ಎಣಿಸುತ್ತಿದ್ದ. ಅವ್ವ ಮತ್ತು ಕಾಕು ಮಾತ್ರ ಒಂದೇ ಒಲೆಯ ಮೇಲೆ ರೊಟ್ಟಿ ಬಡಿಯೋದು ಬಿಟ್ಟಿರಲಿಲ್ಲ.

ಅಳತೆಗೆ ಸರ್ವೇದವರು ಬಂದರು. ಮೊದಲೆಲ್ಲ 33 ಅಡಿ ಸರಪಳಿ ಎಳೆಯುತ್ತಿದ್ದರು. ಸರಪಳಿ ಉದ್ದ, ಸರಪಳಿ ಅಗಲ ಅಂದರೆ ಒಂದು ಗುಂಟೆ, 40 ಗುಂಟೆಗೆ ಎಕರೆ. ಈಗ ತುದಿಗೆ ಯಂತ್ರ ಕೂತಿರೋ ಒಂದು ಕೋಲು, ರೋವರ್ ಅನ್ನುತ್ತಾರೆ. ಕೋಲು ನೆಟ್ಟ ಕಡೆ ಆಕಾಶದ ಉಪಗ್ರಹ ಅಳತೆ ಹೇಳುತ್ತದೆ. ಅಪ್ಪ ಆ ಕೋಲನ್ನೇ ನೋಡುತ್ತ ನಿಂತಿದ್ದ. "ತೆಲಿ ಐತಿ ಅದಕ್ಕ," ಅಂದ.

ಕೋಲು, ಅದರ ತುದಿಗೆ ತಲೆ. ಇದನ್ನು ನೆನಪಿಡಿ, ಈಗ ಬಳ್ಳಿಗಾವಿಗೆ ಹೋಗೋಣ.

ಬ್ಯಾಡಗಿಯಿಂದ ಹಿರೇಕೆರೂರು, ಅಲ್ಲಿಂದ ಶಿರಾಳಕೊಪ್ಪದ ಬಸ್ಸು ಹಿಡಿದರೆ ಬಳ್ಳಿಗಾವಿ ಹತ್ತಿರ. ಶಿವಮೊಗ್ಗ ಜಿಲ್ಲೆ ಅಂತ ಬೋರ್ಡು ಬದಲಾಗುತ್ತದೆ ಅಷ್ಟೆ, ಹೊಲ ಅದೇ, ಗೋವಿನಜೋಳ ಅದೇ. ಕೇದಾರೇಶ್ವರ ಗುಡಿ ನೋಡಲಿಕ್ಕೆ ಬರುವವರು ಬಹಳ. ಭೇರುಂಡೇಶ್ವರ ಕಂಬದ ಹತ್ತಿರ ನಾನು ಹೋದ ದಿನ ಇಬ್ಬರು ಹುಡುಗರು ಸೈಕಲ್ ಒರಗಿಸಿ ಕೂತಿದ್ದರು. ಸುಮಾರು 30 ಅಡಿ ಎತ್ತರದ ಕಂಬ. ಕಲ್ಯಾಣ ಚಾಲುಕ್ಯರ ಕಾಲ, 1047ರಲ್ಲಿ ನಿಲ್ಲಿಸಿದ್ದು. ನಿಲ್ಲಿಸಿದವನು ಬನವಾಸಿ ಪನ್ನಿರ್ಚ್ಛಾಸಿರ ಆಳುತ್ತಿದ್ದ ಚಾವುಂಡರಾಯರಸ. ತಲೆ ಎತ್ತಿ ನೋಡಿ, ಕುತ್ತಿಗೆ ನೋಯುತ್ತದೆ, ಆದರೂ ನೋಡಿ: ಕಂಬದ ಮೇಲಿರೋದು ಹಕ್ಕಿಯಲ್ಲ. ಮೈ ಮನುಷ್ಯನದು. ತಲೆ ಮಾತ್ರ ಹಕ್ಕಿಯದು, ಎರಡು.

ಇದನ್ನು ಗಮನಿಸದೆ ಬಂದವರೇ ಹೆಚ್ಚು. ಲಾಂಛನದಲ್ಲಿ ಹಕ್ಕಿ ನೋಡಿ ನೋಡಿ, ಇಲ್ಲೂ ಹಕ್ಕಿಯೇ ಇದೆ ಅಂತ ಕಣ್ಣು ತಾನೇ ತೀರ್ಮಾನ ಮಾಡಿಬಿಡುತ್ತದೆ. ಮನುಷ್ಯ ವೇಷ ತೊಟ್ಟು ಹಕ್ಕಿಯಾಗೋದು ಕಾಮಿಕ್ಸ್‌ನಲ್ಲಿ ಮಾಮೂಲು. ನಮ್ಮ ಪಕ್ಕದ ಊರಲ್ಲಿ ಅದು ಒಂಬೈನೂರು ವರ್ಷಕ್ಕೂ ಮೊದಲೇ ಕಲ್ಲಿನಲ್ಲಿ ನಿಂತಿದೆ.

ಎರಡನೇ ಸಂಗತಿ ಕಂಬದ ಮೇಲೆ ಕಾಣಿಸೋದಿಲ್ಲ, ಶಾಸನಗಳಲ್ಲಿ ಸಿಗುತ್ತದೆ. ಆ ಕಾಲದಲ್ಲಿ ಹೊಲ ಅಳೆಯೋ ಕೋಲಿಗೆ ಗಳೆ ಅನ್ನುತ್ತಿದ್ದರು, ಭೂಮಿಯ ಲೆಕ್ಕ ಮತ್ತರುಗಳಲ್ಲಿ. ಒಂದೊಂದು ಸೀಮೆಗೆ ಒಂದೊಂದು ಗಳೆ, ಉದ್ದವೂ ಬೇರೆ ಬೇರೆ. ಗುಡಿಗೆ ಭೂಮಿ ದತ್ತಿ ಬಿಟ್ಟಾಗ ಇಷ್ಟು ಮತ್ತರು ಅಂದರೆ ಸಾಲದು, ಯಾವ ಗಳೆಯಲ್ಲಿ ಇಷ್ಟು ಮತ್ತರು ಅಂತ ಬರೆಸಬೇಕು. ಇಲ್ಲದಿದ್ದರೆ ನಾಳೆ ಯಾವನೋ ಗಿಡ್ಡ ಕೋಲು ತಂದು ಅಳೆದಾನು. ಆ ಗಳೆಗಳಲ್ಲಿ ಒಂದರ ಹೆಸರು ಭೇರುಂಡ ಗಳೆ.

ಇದನ್ನು ಓದಿದ ದಿನ ನಾನು ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಅಂದ್ರ ಆವಾಗೂ ಬದುವಿನ ಜಗಳ ಇದ್ದವು ಅಂದಂಗಾತು," ಅಂದ.

ಇಲ್ಲಿ ನನಗೊಂದು ಮಾತು ಹೊಳೆಯಿತು. ಭಯಂಕರ ಅನ್ನೋ ಹೆಸರಿನ ಪ್ರಾಣಿಯನ್ನು ಅಳತೆಗೋಲಿಗೆ ಯಾಕೆ ಕಟ್ಟಿದರು? ಚಾವುಂಡರಾಯನ ಮೆರವಣಿಗೆಗೆ ಅಂತ ಹೇಳಬಹುದು, ಅದೂ ಇರಬಹುದು. ಆದರೆ ಹೊಲದಲ್ಲಿ ನಿಂತ ಒಕ್ಕಲಿಗನ ಕಡೆಯಿಂದ ನೋಡಿ. ಅಳತೆಯಲ್ಲಿ ಮೋಸ ಮಾಡಿದವನಿಗೆ ಹೆದರಿಕೆ ಇರಬೇಕಲ್ಲ! ಕಚ್ಚೋ ನಾಯಿಯನ್ನೇ ಕಣದ ಕಾವಲಿಗೆ ಕಟ್ಟುತ್ತೇವೆ. ನನ್ನ ಊಹೆ ಇದು, ಶಾಸನದಲ್ಲಿ ಹೀಗೆ ಬರೆದಿಲ್ಲ.

ಆಮೇಲಿನ ದಾರಿ ಗೊತ್ತಿದ್ದದ್ದೇ. ವಿಜಯನಗರದಿಂದ ಕೆಳದಿಗೆ, ಮೈಸೂರು ಒಡೆಯರಿಗೆ. ಒಡೆಯರ ಲಾಂಛನವೇ ಮುಂದೆ ರಾಜ್ಯದ ಲಾಂಛನಕ್ಕೆ ಮೂಲವಾಯಿತು. ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಆಗ ಧಾರವಾಡ ಜಿಲ್ಲೆ, 1956ರ ತನಕ ಮುಂಬೈ ಕಡೆಯ ಆಡಳಿತ. ಹಾಗಾಗಿ ನಮ್ಮ ಹಿರಿಯರ ಕಾಗದದ ಮೇಲೆ ಈ ಹಕ್ಕಿ ಕೂತದ್ದು ಏಕೀಕರಣ ಆದಮೇಲೆ. ಮೈಸೂರಿನಿಂದ ಬಂದ ಹಕ್ಕಿ ಅಂತ ಕೆಲವರು ಅಂದಾರು. ಬಳ್ಳಿಗಾವಿಯ ಕಂಬ ನೋಡಿದವರಿಗೆ ಗೊತ್ತು, ಅದು ನಮ್ಮ ಮಗ್ಗುಲಿನದೇ, ಸುತ್ತು ಹಾಕಿ ವಾಪಸ್ ಬಂದದ್ದು.

ಬರುವಷ್ಟರಲ್ಲಿ ಆನೆ ಕೈಬಿಟ್ಟಿತ್ತು. ಮತ್ತೆ ಲಾಂಛನ ನೋಡಿ. ಗುರಾಣಿಯ ಎರಡೂ ಬದಿಗೆ ಎರಡು ಪ್ರಾಣಿ ನಿಂತಿವೆ. ಸಿಂಹ ಅಂತ ತಿಳಿದವರು ಬಹಳ. ಮೈ ಸಿಂಹದ್ದು, ತಲೆ ನೋಡಿ: ಸೊಂಡಿಲು ಇದೆ. ಆನೆ ತಲೆಯ ಸಿಂಹ. ಇದನ್ನೂ ಶರಭ ಅಂತಲೇ ಕರೆಯುತ್ತಾರೆ. ಅಂದರೆ ಬೇಲೂರಿನ ಕಲ್ಲಿನಲ್ಲಿ ಒಂದನ್ನೊಂದು ತಿನ್ನುತ್ತಿದ್ದ ಆನೆ, ಸಿಂಹ, ಶರಭ ಮೂರೂ ಒಂದೇ ಮೈಯಾಗಿ ಆ ಹಕ್ಕಿಯ ಅಕ್ಕಪಕ್ಕ ಕಾವಲು ನಿಂತಿವೆ. ಆನೆ ಎಲ್ಲಿ ಹೋಯ್ತು ಅಂದರೆ, ಇಲ್ಲೇ ಇದೆ. ಬಾಯಿಂದ ಇಳಿದು ಮಗ್ಗುಲಿಗೆ ಬಂದಿದೆ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಸಾಂಗ್‌ಬರ್ಡ್ ಚಲೋ ಆದಳು ಅಂದಮೇಲೂ ಜನ ಅವಳನ್ನು ವರ್ಷಗಟ್ಟಲೆ ಅನುಮಾನದಿಂದಲೇ ನೋಡುತ್ತಾರೆ. ಅವಳ ಗುಂಪಿನಲ್ಲೇ ಇನ್ನೊಬ್ಬ ರೆಕ್ಕೆಯವನಿದ್ದಾನೆ, ಹಿಂದೆ ಬೀಟಲ್ ಅಂತ ಹೆಸರು, ಮೂಲತಃ ಮೆಕ್ಯಾನಿಕ್. ಅವನು ಹಳೇ ಕೊಲೆಗೆ ತಾನಾಗೇ ಜೈಲಿಗೆ ಹೋಗುತ್ತಾನೆ. "ಈ ಹಕ್ಕಿ ಏನ್ ಮಾಡೇತಿ ಮಾಮಾ? ಸುಮ್ಮ ಆನಿ ಬಿಟ್ಟೇತಿ ಅಷ್ಟ." ಹೌದು. ನಮ್ಮ ಹಕ್ಕಿಗೆ ಲೆಕ್ಕ ಕೇಳಿದವರಿಲ್ಲ. ಆನೆ ಬಿಟ್ಟು ಚಿತ್ರ ಬರೆದರು, ಹಕ್ಕಿ ಸಂಭಾವಿತ ಆಯಿತು. ದೊಡ್ಡವರ ಕೈಯಲ್ಲಿದ್ದ ಹಕ್ಕಿಗೆ ಅಷ್ಟು ಅನುಕೂಲ ಇದ್ದೇ ಇರುತ್ತದೆ ಅಂತ ನನಗನ್ನಿಸಿದ್ದು ಆಮೇಲೆ, ರಾಣೇಬೆನ್ನೂರಿನ ಇನ್ನೊಂದು ರೆಕ್ಕೆಯ ಜೀವದ ಜೊತೆ ಇಟ್ಟು ನೋಡಿದಾಗ.

ಅದು ನಿಜವಾದ ಹಕ್ಕಿ. ಅದರ ಹೆಸರಲ್ಲೇ ಭೂತ ಇದೆ. ಎರೆಭೂತ. ನಮ್ಮ ಕಡೆಯ ಬಾಯಲ್ಲಿ ಎರಿಭೂತ, ಕೆಲವರು ಎರೆಲಡ್ಡು ಅಂತಲೂ ಅಂದರು. ಒಂದು ಮೀಟರ್ ಎತ್ತರ, ಗಂಡು 15 ಕಿಲೋ ತನಕ ತೂಗುತ್ತದೆ, ಹಾರೋ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವೇ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬಯಲು ನೆಲದ ಮೇಲೆ, ಗೂಡಿಲ್ಲ. ತಿನ್ನೋದು ಮಿಡತೆ, ಜೀರುಂಡೆ, ಹಲ್ಲಿ, ಉದುರಿದ ಕಾಳು. ಆನೆ ತಿಂದ ಹಕ್ಕಿ ಭೇರುಂಡ, ಮಿಡತೆ ತಿಂದ ಹಕ್ಕಿ ಭೂತ! ಇಂಗ್ಲಿಷಿನಲ್ಲೂ ಇದರ ನಸೀಬು ಹಾಗೇ. ಬಸ್ಟರ್ಡ್ ಅನ್ನೋದು ಒಂದಕ್ಷರ ತಪ್ಪಿದರೆ ಬೈಗುಳ. ಪಕ್ಷಿತಜ್ಞ ಸಲೀಂ ಅಲಿ ಇದನ್ನೇ ರಾಷ್ಟ್ರಪಕ್ಷಿ ಮಾಡಿ ಅಂದಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. ಹೆಸರಿನ ಮುಜುಗರವೂ ಒಂದು ಕಾರಣ ಅಂತ ಹೇಳುವುದುಂಟು.

1974ರಲ್ಲಿ ರಾಣೇಬೆನ್ನೂರು ವನ್ಯಜೀವಿ ಧಾಮ ಆದದ್ದು ಕೃಷ್ಣಮೃಗಕ್ಕೂ ಈ ಹಕ್ಕಿಗೂ ಅಂತ. ಭೂತಕ್ಕೆ ಸರ್ಕಾರ ಕೊಟ್ಟ ಕ್ಷಮಾಪತ್ರ ಅನ್ನಿ. ಕೃಷ್ಣಮೃಗ ಬದುಕಿದವು, ಹೆಚ್ಚಾದವು, ಈಗ ಸುತ್ತಲಿನ ರೈತರಿಗೆ ರಾತ್ರಿ ಗೋವಿನಜೋಳ ಕಾಯೋ ಕೆಲಸ ಹಚ್ಚಿವೆ. ಎರೆಭೂತಕ್ಕೆ ಬೇಕಾದದ್ದು ಬಯಲು ಹುಲ್ಲು. ಹುಲ್ಲುಗಾವಲನ್ನು ಖಾಲಿ ಜಾಗ ಅಂತ ತಿಳಿದು ನೀಲಗಿರಿ ನೆಟ್ಟಿದ್ದರು. ಮೇಲೆ ಕರೆಂಟ್ ತಂತಿ. ಈ ಹಕ್ಕಿಯ ಕಣ್ಣು ತಲೆಯ ಎರಡು ಬದಿಗೆ, ಎದುರಿನ ತಂತಿ ಕಾಣೋದೇ ತಡ. ಭಾರದ ಮೈ, ಥಟ್ಟನೆ ತಿರುಗಲಿಕ್ಕೆ ಬರೋದಿಲ್ಲ. ರಾಜಸ್ಥಾನದಲ್ಲಿ ತಂತಿ ನೆಲದೊಳಗೆ ಹಾಕಬೇಕಾ ಬೇಡವಾ ಅಂತ ಸುಪ್ರೀಂ ಕೋರ್ಟ್ ತನಕ ಹೋಗಿದೆ. ಕರ್ನಾಟಕದಲ್ಲಿ ಈಗ ಇದರ ಹೆಸರು ಕೇಳೋದು ಬಳ್ಳಾರಿಯ ಸಿರುಗುಪ್ಪ ಕಡೆ, ಅದೂ ಬೆರಳೆಣಿಕೆ. ರಾಣೇಬೆನ್ನೂರಿನಲ್ಲಿ ನಾನು ನೋಡಿಲ್ಲ, ನನ್ನ ವಾರಿಗೆಯವರು ಯಾರೂ ನೋಡಿಲ್ಲ.

ಅವ್ವನ ತವರು ರಾಣೇಬೆನ್ನೂರಿನ ಹತ್ತಿರ. ಅವ್ವನ ಅಪ್ಪ, ನಮ್ಮಜ್ಜ, ನೋಡಿದ್ದಾನೆ. ಭೂತ ಅಂತ ಯಾಕೆ ಅನ್ನುತ್ತಿದ್ದಿರಿ ಅಂತ ಕೇಳಿದೆ.

"ಅದೇನ್ ಮಾಡತಿತ್ತೋ ಪಾಪ. ಬೆಳಗಾಮುಂಜಾನೆ ಎರಿಹೊಲದಾಗ ಮಂಜು ಇರತಿತ್ತು. ಮಂಜಿನಾಗ ಏನೂ ಕಾಣತಿದ್ದಿಲ್ಲ. ಆದ್ರ ಯಾರೋ ಗುಡಾಣದಾಗ ಬಾಯಿ ಇಟ್ಟು ಹೂಂಕಾರ ಹಾಕಿದಂಗ ಸಪ್ಪಳ. ಹತ್ತಿರ ಹೋದ್ರ ಎದ್ದು ನಿಲ್ಲತಿತ್ತು, ಮನಷ್ಯಾನಂಗ. ನಮಗೂ ಅಂಜಿಕಿ, ಅದಕ್ಕೂ ಅಂಜಿಕಿ."

ಗಂಡು ಹಕ್ಕಿ ಹೆಣ್ಣನ್ನು ಕರೆಯೋದು ಹಾಗೆ, ಕುತ್ತಿಗೆಯ ಚೀಲ ಉಬ್ಬಿಸಿ, ಬಹಳ ದೂರಕ್ಕೆ ಕೇಳೋ ಹಾಗೆ. ಅಜ್ಜನಿಗೆ ಅದನ್ನು ಹೇಳಿದೆ. ಅವನು ನಕ್ಕ. ಆಮೇಲೆ ಒಳಗಿಂದ ತಾಮ್ರದ ಕೊಡ ತರಿಸಿ, ಅದರ ಬಾಯಿಗೆ ಬಾಯಿ ಹಚ್ಚಿ ಒಂದು ಸಲ ಆ ಸಪ್ಪಳ ಮಾಡಿ ತೋರಿಸಿದ. ಪಡಸಾಲೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಹೊರಗೆ ಓಡಿತು. ಎರಡನೇ ಸಲ ಮಾಡು ಅಂದರೆ ಉಸಿರು ಸಾಲಲಿಲ್ಲ. ಮೊದಲನೆಯದನ್ನು ನಾನು ಫೋನಿನಲ್ಲಿ ಹಿಡಿದಿಟ್ಟಿದ್ದೇನೆ, ಒಂಬತ್ತು ಸೆಕೆಂಡು ಇದೆ.